ಅರವತ್ತನಾಲ್ಕು ಮನೆಗಳ ಕಾವಲು

ಗೆರೆ ಎಳೆದು ಆಡುವ ನಮ್ಮ ಆಟಗಳಲ್ಲಿ ಚೌಕಕ್ಕೆ ಮನೆ ಎನ್ನುವುದು ವಾಡಿಕೆ. ಚೌಕಾಬಾರದಲ್ಲಿ ಕಾಯಿ ಕಟ್ಟೆಮನೆ ಸೇರಿದರೆ ಬದುಕಿತು. ಚದುರಂಗದ ಕುದುರೆ ಎರಡೂವರೆ ಮನೆ ಹಾರುತ್ತದೆ. ಚಿಕ್ಕಂದಿನಿಂದ ಎಷ್ಟು ಸಲ ಈ ಮಾತು ಆಡಿದ್ದೇನೋ ಲೆಕ್ಕವಿಲ್ಲ. ಆ ಮನೆಯೊಳಗೆ ಯಾರಾದರೂ ಇರಬಹುದು ಎಂದು ಮಾತ್ರ ಒಮ್ಮೆಯೂ ಹೊಳೆದಿರಲಿಲ್ಲ. ಕಾಯಿ ಬಂದು ಕೂರುವ ಜಾಗ ಅದು, ಅಷ್ಟೇ.

ಹೊಳೆದದ್ದು ‘ಇನ್‌ಟು ದ ಬ್ರೀಚ್’ ಎಂಬ ಕಂಪ್ಯೂಟರ್ ಗೇಮ್ ಆಡುವಾಗ. ಅಲ್ಲಿಯೂ ಚದುರಂಗದ ಹಾಗೆ ಎಂಟಕ್ಕೆ ಎಂಟು, ಅರವತ್ತನಾಲ್ಕು ಮನೆ. ಕೆಲವದರಲ್ಲಿ ಬಯಲು, ಕೆಲವದರಲ್ಲಿ ಬೆಟ್ಟ, ಕೆಲವದರಲ್ಲಿ ನೀರು. ಇನ್ನು ಕೆಲವದರಲ್ಲಿ ನಿಜವಾಗಿಯೂ ಮನೆಗಳಿವೆ, ಬೆಂಕಿಪೆಟ್ಟಿಗೆ ಜೋಡಿಸಿಟ್ಟಂಥ ಪುಟ್ಟ ಕಟ್ಟಡಗಳು. ನಮ್ಮ ಯಂತ್ರಗಳು ಮೇಲಿನಿಂದ ಇಳಿದಾಗ ಆ ಕಟ್ಟಡಗಳ ತಲೆಯ ಮೇಲೆ ಮಾತಿನ ಗುಳ್ಳೆ ಮೂಡುತ್ತದೆ. ಯಾರೋ ಬಂದರು, ಬದುಕಿಕೊಂಡೆವು ಎಂಬ ಅರ್ಥದ ಒಂದೆರಡು ಪದ. ಮೊದಲ ಸಲ ಅದನ್ನು ಓದಿದಾಗ ಮೌಸ್ ಮೇಲಿನ ಕೈ ಅಲ್ಲೇ ನಿಂತಿತು.

ಕಥೆ ಇಷ್ಟು. ದೂರದ ಭವಿಷ್ಯದಲ್ಲಿ ಸಮುದ್ರ ಏರಿ ಜಗತ್ತಿನಲ್ಲಿ ಕೆಲವು ದ್ವೀಪಗಳಷ್ಟೇ ಉಳಿದಿವೆ. ನೆಲದಡಿಯಿಂದ ವೆಕ್ ಎಂಬ ದೈತ್ಯ ಕೀಟಗಳು ಎದ್ದು ಬರುತ್ತಿವೆ. ಇವನ್ನು ಎದುರಿಸಲು ಮೂರು ಯಂತ್ರಗಳು, ಅವುಗಳೊಳಗೆ ಮೂವರು ಪೈಲಟ್‌ಗಳು. ಸೋತುಹೋದ ಒಂದು ಕಾಲದಿಂದ ಹಿಂದಕ್ಕೆ ಬಂದವರು ಅವರು. ಕಟ್ಟಡಗಳೆಲ್ಲ ಒಂದು ವಿದ್ಯುತ್ ಗ್ರಿಡ್‌ಗೆ ಜೋಡಣೆಯಾಗಿವೆ; ಕಟ್ಟಡಕ್ಕೆ ಪೆಟ್ಟು ಬಿದ್ದಂತೆಲ್ಲ ಗ್ರಿಡ್‌ನ ಶಕ್ತಿ ಇಳಿಯುತ್ತದೆ, ಅದು ಸೊನ್ನೆಯಾದರೆ ಆ ಲೋಕದ ಕಥೆ ಅಲ್ಲಿಗೆ ಮುಗಿಯಿತು. ನಮ್ಮ ಯಂತ್ರಕ್ಕೆ ಎಷ್ಟೇ ಏಟಾದರೂ ಕಾಳಗ ಮುಗಿದ ಮೇಲೆ ಅದು ರಿಪೇರಿಯಾಗಿ ಬರುತ್ತದೆ. ಕುಸಿದ ಕಟ್ಟಡ ಎದ್ದು ಬರುವುದಿಲ್ಲ. ಕೀಟಗಳನ್ನೆಲ್ಲ ಕೊಲ್ಲಲೇಬೇಕೆಂಬ ನಿಯಮವೂ ಇಲ್ಲ. ನಾಲ್ಕೈದು ಸರದಿ ತಡೆದು ನಿಂತರೆ ಅವು ತಾವಾಗಿ ನೆಲಕ್ಕಿಳಿದು ಹೋಗುತ್ತವೆ. ಅಲ್ಲಿಯವರೆಗೆ ಊರು ಕಾಯಬೇಕು, ಅಷ್ಟೇ ಕೆಲಸ. ಆ ಅಷ್ಟೇ ಎಂಬುದರಲ್ಲೇ ಎಷ್ಟೋ ರಾತ್ರಿ ನನ್ನ ನಿದ್ದೆ ಹೋಗಿದೆ.

ಈ ಆಟ ಕಟ್ಟಿದವರು ಇಬ್ಬರು, ಜಸ್ಟಿನ್ ಮಾ ಮತ್ತು ಮ್ಯಾಥ್ಯೂ ಡೇವಿಸ್. ಶಾಂಘೈಯ ದೊಡ್ಡದೊಂದು ಗೇಮ್ ಸ್ಟುಡಿಯೊದಲ್ಲಿ ಪರಿಚಯವಾಗಿ, ಅಲ್ಲಿಂದ ಹೊರಬಂದು ‘ಸಬ್‌ಸೆಟ್ ಗೇಮ್ಸ್’ ಎಂದು ಹೆಸರಿಟ್ಟುಕೊಂಡವರು. ಮಾ ಚಿತ್ರ ಬರೆಯುವವರು, ಡೇವಿಸ್ ಕೋಡ್ ಬರೆಯುವವರು. 2012ರಲ್ಲಿ ‘ಎಫ್‌ಟಿಎಲ್’ ಎಂಬ ಬಾಹ್ಯಾಕಾಶ ನೌಕೆಯ ಆಟ ಮಾಡಲು ಕಿಕ್‌ಸ್ಟಾರ್ಟರ್‌ನಲ್ಲಿ ಇವರು ಕೇಳಿದ್ದು 10 ಸಾವಿರ ಡಾಲರ್; ಜನ ಕೊಟ್ಟದ್ದು 2 ಲಕ್ಷ ಡಾಲರ್‌ಗೂ ಮಿಕ್ಕಿ. ಆ ಗೆಲುವಿನ ಮೇಲೆ ಸಲೀಸಾಗಿ ಎರಡನೆಯ ಭಾಗ ತೆಗೆಯಬಹುದಿತ್ತು. ಹಾಗೆ ಮಾಡದೆ ಸುಮಾರು ನಾಲ್ಕು ವರ್ಷ ಈ ಎಂಟಕ್ಕೆ ಎಂಟರ ಹಲಗೆಯ ಮುಂದೆ ಕೂತರು. ಕ್ರಿಸ್ ಅವೆಲೋನ್ ಮಾತು ಬರೆದರು, ಬೆನ್ ಪ್ರಂಟಿ ಸಂಗೀತ ಕೊಟ್ಟರು. 2018ರ ಫೆಬ್ರುವರಿ 27ರಂದು ವಿಂಡೋಸ್ ಕಂಪ್ಯೂಟರ್‌ಗೆ ಬಿಡುಗಡೆಯಾಯಿತು. ಆ ವರ್ಷದ ‘ದ ಗೇಮ್ ಅವಾರ್ಡ್ಸ್’ನಲ್ಲಿ ಅತ್ಯುತ್ತಮ ಸ್ಟ್ರಾಟೆಜಿ ಆಟದ ಪ್ರಶಸ್ತಿ ಇದಕ್ಕೇ ಬಂತು.

ಬೀಜ ಮೊಳೆತದ್ದು ಸಿನಿಮಾ ನೋಡುತ್ತ ಹುಟ್ಟಿದ ಅಸಮಾಧಾನದಿಂದ ಎಂದು ಇವರೇ ಹೇಳಿಕೊಂಡಿದ್ದಾರೆ. ಆ ಕಾಲದ ಹಾಲಿವುಡ್ ಸೂಪರ್‌ಹೀರೋ ಚಿತ್ರಗಳಲ್ಲಿ ನಾಯಕನೂ ಖಳನೂ ಗುದ್ದಾಡುತ್ತ ಗಗನಚುಂಬಿ ಕಟ್ಟಡಗಳನ್ನು ಉರುಳಿಸುತ್ತಾರೆ. ಕೊನೆಗೆ ನಾಯಕ ಗೆಲ್ಲುತ್ತಾನೆ. ಉರುಳಿದ ಕಟ್ಟಡದೊಳಗಿದ್ದವರ ಮಾತನ್ನು ಯಾರೂ ಎತ್ತುವುದಿಲ್ಲ. ಹಾಗಾದರೆ ಆ ಕಟ್ಟಡವನ್ನೇ ಆಟದ ನಡುಮಧ್ಯೆ ಇಟ್ಟರೆ ಹೇಗೆ ಎಂದು ಇವರು ಕೇಳಿಕೊಂಡರು.

ಸ್ಟ್ರಾಟೆಜಿ ಆಟಗಳ ಹಳೆಯ ವಂಶಾವಳಿ ಗೊತ್ತಿದ್ದವರಿಗೆ ಈ ಪ್ರಶ್ನೆಯ ತೂಕ ತಿಳಿದೀತು. ಒಬ್ಬರಾದ ಮೇಲೊಬ್ಬರು ನಡೆ ಇಡುವ ಯುದ್ಧದ ಆಟಗಳಿಗೆ ಜಪಾನಿನ ಪಿಕ್ಸೆಲ್ ಚಿತ್ರದ ರೂಪ ಕೊಟ್ಟ ಮುಖ್ಯ ಆಟ 1988ರ ‘ಫ್ಯಾಮಿಕಾಂ ವಾರ್ಸ್’. ಅದೇ ಸರಣಿಯ ‘ಅಡ್ವಾನ್ಸ್ ವಾರ್ಸ್’ ಅಮೆರಿಕದ ಅಂಗಡಿಗಳಿಗೆ ಬಂದದ್ದು 2001ರ ಸೆಪ್ಟೆಂಬರ್ 10ರಂದು. ಮರುದಿನ ನ್ಯೂಯಾರ್ಕ್‌ನ ಅವಳಿ ಗೋಪುರಗಳು ಬಿದ್ದವು, ಯೂರೋಪಿನಲ್ಲಿ ಆಟದ ಬಿಡುಗಡೆ ಮುಂದಕ್ಕೆ ಹೋಯಿತು. ಇಪ್ಪತ್ತು ವರ್ಷದ ಮೇಲೆ ಅದರ ಹೊಸ ಆವೃತ್ತಿ 2022ರ ಏಪ್ರಿಲ್‌ನಲ್ಲಿ ಬರಬೇಕಿದ್ದಾಗ ಉಕ್ರೇನ್ ಯುದ್ಧ ಶುರುವಾಗಿ ಒಂದು ವರ್ಷ ತಡೆಹಿಡಿಯಬೇಕಾಯಿತು. ಬಣ್ಣಬಣ್ಣದ ಆಟಿಕೆ ಟ್ಯಾಂಕುಗಳ ಮುದ್ದಾದ ಆಟ ಅದು. ನನಗೂ ಬಹಳ ಇಷ್ಟ. ಅಲ್ಲಿಯೂ ಚೌಕಗಳ ಮೇಲೆ ಊರುಗಳಿವೆ. ಆದರೆ ಊರು ಎಂದರೆ ಅಲ್ಲಿ ವಶಪಡಿಸಿಕೊಳ್ಳಬೇಕಾದ ಆಸ್ತಿ, ಸರದಿಗೆ ಸಾವಿರದಂತೆ ಹಣ ಕೊಡುವ ಪೆಟ್ಟಿಗೆ. ಊರಿನೊಳಗಿಂದ ಯಾರೂ ಮಾತಾಡುವುದಿಲ್ಲ.

ಇನ್ನೊಂದು ವಿಷಯ ದಾಳದ್ದು. 1824ರಲ್ಲಿ ಪ್ರಷ್ಯಾದ ಸೈನ್ಯಾಧಿಕಾರಿ ರೈಸ್‌ವಿಟ್ಸ್ ತನ್ನ ತಂದೆ ಆರಂಭಿಸಿದ್ದ ‘ಕ್ರೀಗ್‌ಸ್ಪೀಲ್’ ಎಂಬ ಯುದ್ಧದ ಆಟವನ್ನು ತಿದ್ದಿ ಸೈನ್ಯದ ತರಬೇತಿಗೆ ಒಪ್ಪಿಸಿದಾಗ ಅದರೊಳಗೆ ದಾಳವೂ ಇತ್ತು. ಯುದ್ಧದಲ್ಲಿ ಅದೃಷ್ಟದ ಪಾಲಿದೆ, ಆಟದಲ್ಲಿಯೂ ಇರಬೇಕು ಎಂಬುದು ನ್ಯಾಯವಾದ ಯೋಚನೆಯೇ. ಆ ದಾಳ ಕಂಪ್ಯೂಟರಿಗೆ ಬಂದಾಗ ಶೇಕಡಾವಾರು ಅಂಕಿಯಾಯಿತು. 1994ರ ‘ಎಕ್ಸ್-ಕಾಂ’, ಅದರ 2012ರ ಮರುಸೃಷ್ಟಿ, ಎರಡರಲ್ಲೂ ಸೈನಿಕ ಬಂದೂಕು ಎತ್ತಿದರೆ ಗುರಿ ತಾಗುವ ಸಾಧ್ಯತೆ ಎಷ್ಟು ಎಂದು ತೋರಿಸುತ್ತದೆ. ಶೇಕಡಾ 85 ಎಂದಿರುತ್ತದೆ, ಗುಂಡು ಹಾರಿಸುತ್ತೇವೆ, ತಪ್ಪುತ್ತದೆ. ಚೌಕಾಬಾರದಲ್ಲಿ ಬೇಕಾದ ಗರ ಬೀಳದೆ ಕವಡೆಯನ್ನು ಶಪಿಸುವುದು ಇದೇ. ‘ಸಿವಿಲೈಸೇಷನ್’ ಆಟದ ಜನಕ ಸಿಡ್ ಮೇಯರ್ 2010ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಹೇಳಿದ ಸಂಗತಿ ಇಲ್ಲಿ ನೆನಪಾಗುತ್ತದೆ. ತಮ್ಮ ಬಲ ಎದುರಾಳಿಯ ಮೂರು ಪಟ್ಟಿದ್ದರೆ ತಾವು ಗೆಲ್ಲಲೇಬೇಕು ಎಂದು ಆಟಗಾರರು ನಂಬಿರುತ್ತಾರೆ; ನಾಲ್ಕರಲ್ಲೊಂದು ಸಲ ಸೋಲುವುದು ಲೆಕ್ಕದ ಪ್ರಕಾರ ಸರಿ ಎಂದರೂ ಒಪ್ಪುವುದಿಲ್ಲ. ಸೋಲಿನ ಹೊಣೆ ದಾಳದ ಮೇಲೆ ಹೋಗುತ್ತದೆ. ಶಕುನಿಯ ದಾಳದ ಕಥೆ ಕೇಳುತ್ತ ಬೆಳೆದ ನಮಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ.

ಮಾ ಮತ್ತು ಡೇವಿಸ್ ಬಹುತೇಕ ಆ ದಾಳವನ್ನೇ ಕಿತ್ತುಹಾಕಿದರು. ಅವರ ಆಟದಲ್ಲಿ ಮೊದಲು ಕೀಟಗಳು ನಡೆದು ಬಂದು ಗುರಿ ಹಿಡಿಯುತ್ತವೆ, ಆದರೆ ಹೊಡೆಯುವುದಿಲ್ಲ. ಯಾವ ಕೀಟ ಯಾವ ಮನೆಗೆ ಹೊಡೆಯಲಿದೆ, ಎಷ್ಟು ಪೆಟ್ಟು, ಯಾವುದು ಮೊದಲು ಯಾವುದು ಆಮೇಲೆ, ಮುಂದಿನ ಕೀಟ ಯಾವ ಮನೆಯ ನೆಲ ಸೀಳಿಕೊಂಡು ಮೇಲೆ ಬರಲಿದೆ, ಎಲ್ಲವೂ ಪರದೆಯ ಮೇಲೆ ಬರೆದಿಟ್ಟಂತೆ ಕಾಣುತ್ತದೆ. ಆಮೇಲೆ ನಮ್ಮ ಸರದಿ. ನಾವು ಮಾಡಬೇಕಾದ್ದು ಮಾಡಿ ಮುಗಿಸಿದ ಮೇಲೆ ಅವು ಹಿಡಿದ ಗುರಿಗೇ ಹೊಡೆಯುತ್ತವೆ. ಆಗಲಿರುವ ಅನಾಹುತವನ್ನು ಮುಂದಿಟ್ಟು, ಸಮಯ ಎಷ್ಟು ಬೇಕಾದರೂ ತೆಗೆದುಕೋ, ಏನು ಮಾಡುತ್ತೀ ಮಾಡು ಎನ್ನುತ್ತದೆ ಆಟ. ಉಳಿದಿರುವ ಗರ ಒಂದೇ: ಪೆಟ್ಟು ಬಿದ್ದ ಕಟ್ಟಡ ಅಪರೂಪಕ್ಕೊಮ್ಮೆ ತಾನಾಗಿ ತಡೆದುಕೊಂಡು ನಿಲ್ಲುತ್ತದೆ. ಅದೃಷ್ಟ ನಮ್ಮ ಪಕ್ಷಕ್ಕೆ ಮಾತ್ರ, ಅದೂ ಜನರನ್ನು ಉಳಿಸಲು ಮಾತ್ರ. ಇಷ್ಟು ಕರುಣೆಯಿಂದ ದಾಳ ಬಳಸಿದ ಇನ್ನೊಂದು ಆಟ ನಾನು ಕಂಡಿಲ್ಲ.

ನನ್ನ ಒಂದು ಸರದಿಯನ್ನೇ ಬಿಡಿಸಿ ಹೇಳುತ್ತೇನೆ. ಗ್ರಿಡ್‌ನಲ್ಲಿ ಎರಡೇ ಅಂಶ ಉಳಿದಿತ್ತು. ಎದುರಿಗೆ ಮೂರು ಕೀಟ. ಫೈರ್‌ಫ್ಲೈ ಎಂಬುದು ಒಂದು ಸಾಲಿನ ಈ ತುದಿಯಲ್ಲಿ ನಿಂತು ಆ ತುದಿಯ ಕಟ್ಟಡಕ್ಕೆ ಉಗುಳಲು ಸಿದ್ಧವಾಗಿತ್ತು. ಪಕ್ಕದ ಸಾಲಿನಲ್ಲಿ ಹಾರ್ನೆಟ್ ಎಂಬ ದೊಡ್ಡ ಕಣಜ ಮತ್ತೊಂದು ಕಟ್ಟಡಕ್ಕೆ ಕೊಂಡಿ ಎತ್ತಿತ್ತು. ಹಿಂದಿನ ಪೆಟ್ಟಿನಿಂದ ಅದರ ಜೀವ ಒಂದಂಶ ಮಾತ್ರ ಬಾಕಿ. ನೀರಿನ ಅಂಚಿನಲ್ಲಿ ಚೇಳೊಂದು, ಎತ್ತರಕ್ಕೆ ಗುಂಡು ಹಾರಿಸುವ ನನ್ನ ಯಂತ್ರವನ್ನು ಬಲೆ ಸುತ್ತಿ ಕದಲದಂತೆ ಹಿಡಿದಿತ್ತು. ಇದರ ಜೊತೆಗೆ ಇನ್ನೊಂದು ಮನೆಯಲ್ಲಿ ನೆಲ ಬಿರಿಯುತ್ತಿತ್ತು, ಅಲ್ಲಿಂದ ನಾಲ್ಕನೆಯದು ಏಳಲಿದೆ. ನನ್ನ ಕೈಯಲ್ಲಿ ಮೂರು ಯಂತ್ರ, ಒಂದೊಂದಕ್ಕೆ ಒಂದು ನಡಿಗೆ, ಒಂದು ಹೊಡೆತ.

ಮೊದಲು ಎಲ್ಲರಿಗೂ ಹೊಳೆಯುವುದು ಕೊಲ್ಲುವ ದಾರಿ. ಲೆಕ್ಕ ಹಾಕಿದೆ. ಫೈರ್‌ಫ್ಲೈಗೆ ಮೂರಂಶ ಜೀವ, ನನ್ನ ಗುದ್ದುವ ಯಂತ್ರದ ಪೆಟ್ಟು ಎರಡಂಶ. ಸಾಯುವುದಿಲ್ಲ. ಆದರೆ ಈ ಆಟದಲ್ಲಿ ಗುದ್ದಿದರೆ ಕೀಟ ಒಂದು ಮನೆ ಆಚೆಗೆ ಸರಿಯುತ್ತದೆ, ಮತ್ತು ಸರಿದ ಮೇಲೂ ಅದು ಮೊದಲು ಹಿಡಿದ ದಿಕ್ಕಿಗೇ ಉಗುಳುತ್ತದೆ. ಹಾಗಾದರೆ ಅದನ್ನು ಪಕ್ಕದಿಂದ ಗುದ್ದಿ ಕಣಜವಿರುವ ಸಾಲಿಗೇ ತಳ್ಳಿದರೆ? ಉಗುಳು ಆ ಸಾಲಿನಲ್ಲಿ ಹೋಗಿ ಕಣಜದ ಬೆನ್ನಿಗೆ ತಾಗಬೇಕು. ಸರದಿಯ ಕ್ರಮ ನೋಡಿದೆ. ಫೈರ್‌ಫ್ಲೈ ಮೊದಲು, ಕಣಜ ಆಮೇಲೆ. ಕೊಂಡಿ ಇಳಿಸುವ ಮೊದಲೇ ಕಣಜ ಸತ್ತಿರುತ್ತದೆ. ಒಂದೇ ಗುದ್ದಿಗೆ ಎರಡು ಕಟ್ಟಡ ಉಳಿಯಿತು.

ಎರಡನೆಯ ಯಂತ್ರದ ತೋಪು ಪೆಟ್ಟಿನಲ್ಲಿ ದುರ್ಬಲ, ತಳ್ಳುವುದರಲ್ಲಿ ಗಟ್ಟಿ. ಅದರಿಂದ ಚೇಳನ್ನು ನೀರಿಗೆ ನೂಕಿದೆ. ಹಾರಲಾರದ ಕೀಟ ನೀರಿಗೆ ಬಿದ್ದರೆ ಮುಳುಗಿತೆಂದೇ ಲೆಕ್ಕ. ಬಲೆ ಹರಿಯಿತು, ಮೂರನೆಯ ಯಂತ್ರ ಬಿಡುಗಡೆಯಾಯಿತು. ಅದನ್ನು ನಡೆಸಿಕೊಂಡು ಹೋಗಿ ಬಿರಿಯುತ್ತಿದ್ದ ನೆಲದ ಮೇಲೆಯೇ ನಿಲ್ಲಿಸಿದೆ. ಕಂಡಿಯ ಬಾಯಿಗೆ ಅಡ್ಡ ನಿಂತರೆ ಕೆಳಗಿನಿಂದ ಬರುವ ಕೀಟ ಹೊರಬರಲಾರದು. ನಿಂತ ಯಂತ್ರಕ್ಕೆ ಒಂದಂಶ ಪೆಟ್ಟಾಗುತ್ತದೆ, ಆಗಲಿ. ‘ಬ್ರೀಚ್’ ಎಂದರೂ ಕಂಡಿಯೇ. ಕೋಟೆಯ ಗೋಡೆಯಲ್ಲೋ ಕೆರೆಯ ಏರಿಯಲ್ಲೋ ಬಿದ್ದ ಕಂಡಿ. ಚಿತ್ರದುರ್ಗದ ಕಿಂಡಿಯ ಬಳಿ ನಿಂತು ನೋಡಿದ ಯಾರಿಗೂ ಈ ನಿಯಮವನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಷ್ಟು ಯೋಚಿಸಲು ಅರ್ಧ ಗಂಟೆ ಬೇಕಾಯಿತು. ಸರದಿ ಮುಗಿಸುವ ಗುಂಡಿ ಒತ್ತಿದ ಮೇಲೆ ಎಲ್ಲ ನಡೆದದ್ದು ಕೆಲವೇ ಸೆಕೆಂಡುಗಳಲ್ಲಿ. ಉಗುಳು ಹಾರಿತು, ಕಣಜ ಬಿತ್ತು, ನೆಲ ನಡುಗಿತು, ಕಟ್ಟಡಗಳು ನಿಂತೇ ಇದ್ದವು.

ಈ ಯೋಚನೆ ಸಾಧ್ಯವಾಗುವುದು ಅಂಕಿಗಳು ಚಿಕ್ಕವಾಗಿರುವುದರಿಂದ. ಜೀವ ಒಂದು, ಎರಡು, ನಾಲ್ಕು. ಪೆಟ್ಟು ಒಂದು, ಎರಡು. ಬೆರಳೆಣಿಕೆಗೆ ಸಿಗುವ ಲೆಕ್ಕ. ಎಷ್ಟೋ ಆಟಗಳಲ್ಲಿ ಪೆಟ್ಟು ಸಾವಿರದ ಲೆಕ್ಕದಲ್ಲಿರುತ್ತದೆ, ಆಟಗಾರ ಲೆಕ್ಕ ಬಿಟ್ಟು ಅಂದಾಜಿಗೆ ಬೀಳುತ್ತಾನೆ. ಇಲ್ಲಿ ಒಂದಂಶದ ತಪ್ಪೂ ನಮ್ಮದೇ ತಪ್ಪು ಎಂದು ಗೊತ್ತಾಗುತ್ತದೆ.

ಹಳೆಯ ಕಾಲದ ಪಿಕ್ಸೆಲ್ ಚಿತ್ರವನ್ನು ಇವರು ಆರಿಸಿಕೊಂಡದ್ದಕ್ಕೂ ಇದೇ ಕಾರಣ ಎಂದು ನನ್ನ ಎಣಿಕೆ. ಪಿಕ್ಸೆಲ್ ಚಿತ್ರ ಎಂದೊಡನೆ ಬಾಲ್ಯದ ನೆನಪು, ಟಿ.ವಿ.ಗೆ ಜೋಡಿಸಿ ಆಡುತ್ತಿದ್ದ ಕ್ಯಾಸೆಟ್ ಗೇಮು ಎಂದು ಮಾತು ಶುರುವಾಗುತ್ತದೆ. ಆ ನೆನಪು ನನಗೂ ಪ್ರಿಯ. ಆದರೆ ಅದರಿಂದ ಈ ಆಟದ ರೂಪ ಅರ್ಥವಾಗುವುದಿಲ್ಲ. ರಂಗೋಲಿಯಲ್ಲಿ ಚುಕ್ಕಿ ಎಣಿಸಿ ಇಡುವ ಹಾಗೆ ಇಲ್ಲಿ ಚಿತ್ರಕಾರ ಒಂದೊಂದು ಚುಕ್ಕಿಯನ್ನೂ ಎಣಿಸಿ ಇಟ್ಟಿದ್ದಾರೆ. ಹೊಗೆ, ಧೂಳು, ನೆರಳಿನ ಆಡಂಬರವಿಲ್ಲ. ಹೊಗೆ ಕಂಡರೆ ಅದಕ್ಕೆ ಅರ್ಥವಿದೆ: ಆ ಮನೆಯಲ್ಲಿ ನಿಂತ ಕೀಟ ಹೊಡೆಯಲಾರದು. ಬೆಂಕಿ ಕಂಡರೆ ಅದರೊಳಗಿನ ಕೀಟಕ್ಕೆ ಪ್ರತಿ ಸರದಿಗೆ ಒಂದಂಶ ಪೆಟ್ಟು. ಬೆಟ್ಟ ಎರಡು ಪೆಟ್ಟು ತಡೆಯುತ್ತದೆ, ಮೊದಲನೆಯದಕ್ಕೇ ಬಿರುಕು ಕಾಣುತ್ತದೆ. ಕಣ್ಣಿಗೆ ಬಿದ್ದದ್ದೆಲ್ಲ ನಿಯಮ, ನಿಯಮವೆಲ್ಲ ಕಣ್ಣಿಗೆ ಬೀಳಬೇಕು. 2019ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಡೇವಿಸ್ ಈ ಆಟದ ರಚನೆಯ ಬಗ್ಗೆ ಮಾತಾಡುತ್ತ, ಒಂದು ಉಪಾಯ ಎಷ್ಟೇ ಚೆನ್ನಾಗಿದ್ದರೂ ಅದನ್ನು ಪರದೆಯ ಮೇಲೆ ಸ್ಪಷ್ಟವಾಗಿ ತೋರಿಸಲಾಗದಿದ್ದರೆ ಕೈಬಿಟ್ಟೆವು ಎಂಬ ಅರ್ಥದ ಮಾತು ಹೇಳಿದರು. ಬರೆಯುವವರು ನಿತ್ಯ ಕಲಿಯಬೇಕಾದ ಪಾಠ ಅದು. ಒಂದು ಲಾಭವನ್ನೂ ಇಲ್ಲೇ ಹೇಳಿಬಿಡುತ್ತೇನೆ: ಹಳೆಯ ಲ್ಯಾಪ್‌ಟಾಪ್‌ನಲ್ಲೂ ಇದು ಸಲೀಸಾಗಿ ಓಡುತ್ತದೆ. ಗೇಮ್‌ಗೆಂದೇ ದುಬಾರಿ ಯಂತ್ರ ಕೊಳ್ಳಲಾಗದ ಹುಡುಗರಿಗೆ ಇದು ಸಣ್ಣ ಮಾತಲ್ಲ.

ಅರವತ್ತನಾಲ್ಕು ಮನೆಯ ಮುಂದೆ ಒಬ್ಬರೇ ಕೂತು ತಲೆ ಕೆಡಿಸಿಕೊಳ್ಳುವುದು ನಮ್ಮ ನಾಡಿಗೆ ಹೊಸದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆಯೊಂದನ್ನೇ ಹಿಡಿದು, ಒಂದು ಮನೆಗೆ ಒಂದೇ ಸಲ ಕಾಲಿಟ್ಟು ಅರವತ್ತನಾಲ್ಕನ್ನೂ ಸುತ್ತಿ ಬರುವ ದಾರಿಗಳನ್ನು ಕಟ್ಟಿದವರು. ಹೊಸ ಹೊಸ ಹಲಗೆ ಆಟಗಳನ್ನೂ ಇಸ್ಪೀಟಿನ ಆಟಗಳನ್ನೂ ರೂಪಿಸಿದವರು. ಅವರ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿ ಇಂಥ ಆಟಗಳಿಗೇ ಮೀಸಲು. ರಾಜ್ಯದ ಆಡಳಿತ ಬ್ರಿಟಿಷರ ಕೈಗೆ ಹೋದ ದೊರೆಯೊಬ್ಬರು ಎದುರಾಳಿಯೇ ಇಲ್ಲದ ಹಲಗೆಯ ಮುಂದೆ ಕೂತದ್ದನ್ನು ಊಹಿಸಿಕೊಂಡರೆ ನನಗೆ ಗೌರವವೂ ಸಂಕಟವೂ ಒಟ್ಟಿಗೆ ಆಗುತ್ತದೆ. ಕುದುರೆಯ ಆ ಸುತ್ತಿನಲ್ಲೂ ದಾಳವಿಲ್ಲ, ಮುಚ್ಚಿಟ್ಟ ಎಲೆಯಿಲ್ಲ. ಎಲ್ಲವೂ ಕಣ್ಣೆದುರಿಗಿದೆ, ದಾರಿ ಮಾತ್ರ ಕಾಣದು.

ಇದು ಸ್ಟ್ರಾಟೆಜಿ ಆಟವೇ ಅಲ್ಲ, ಒಗಟು ಎಂದು ಕೆಲವರು ಹೇಳುತ್ತಾರೆ. ಗುರಿ ಗೊತ್ತು, ನಿಯಮ ಗೊತ್ತು, ಉತ್ತರ ಹುಡುಕು, ಮತ್ತೇನು ಎಂಬುದು ಅವರ ವಾದ. ಬಹಳ ದಿನ ನಾನೂ ಹಾಗೇ ಅಂದುಕೊಂಡಿದ್ದೆ. ಈಗ ಒಪ್ಪುವುದಿಲ್ಲ. ಒಗಟಿಗೆ ಉತ್ತರ ಇದ್ದೇ ಇರುತ್ತದೆ. ಒಗಟು ಹಾಕಿದವರಿಗೆ ಅದು ಗೊತ್ತಿರುತ್ತದೆ. ಈ ಆಟದ ಹಲಗೆಯನ್ನು ಕಂಪ್ಯೂಟರ್ ಪ್ರತಿ ಸಲ ಹೊಸದಾಗಿ ಹೂಡುತ್ತದೆ, ಉತ್ತರ ಇದೆಯೋ ಇಲ್ಲವೋ ಅದಕ್ಕೂ ತಿಳಿಯದು. ಮೇಲೆ ಹೇಳಿದ ಸರದಿಯಲ್ಲಿ ಉತ್ತರ ಸಿಕ್ಕಿತು. ಸಿಗದ ಸರದಿಗಳು ಬರುತ್ತವೆ. ನಾಲ್ಕು ಕಡೆ ಅಪಾಯ, ಕೈಯಲ್ಲಿ ಮೂರೇ ಹೊಡೆತ. ಇಟ್ಟ ನಡಿಗೆಯನ್ನು ಹಿಂತೆಗೆದುಕೊಳ್ಳಬಹುದು. ಕಾಳಗಕ್ಕೊಮ್ಮೆ ಇಡೀ ಸರದಿಯನ್ನೇ ಮೊದಲಿನಿಂದ ಆಡಬಹುದು. ಅದೂ ಮುಗಿದ ಮೇಲೆ ಉಳಿಯುವ ಪ್ರಶ್ನೆ ಬೇರೆ ಬಗೆಯದು. ಕಟ್ಟಡ ಹೋಗಲೇ, ಪೈಲಟ್ ಹೋಗಲೇ? ಯಂತ್ರವನ್ನು ಗುಂಡಿನ ದಾರಿಗೆ ಅಡ್ಡ ನಿಲ್ಲಿಸಿದರೆ ಕಟ್ಟಡ ಉಳಿಯುತ್ತದೆ. ಯಂತ್ರ ನಾಳೆ ರಿಪೇರಿಯಾಗುತ್ತದೆ, ಆದರೆ ಒಳಗಿದ್ದ ಪೈಲಟ್ ಸತ್ತರೆ ಸತ್ತಂತೆ. ಆ ಪೈಲಟ್‌ಗೆ ಹೆಸರಿದೆ, ಮುಖವಿದೆ, ಹಿಂದಿನ ಎಷ್ಟೋ ಕಾಳಗಗಳಲ್ಲಿ ನಮ್ಮ ಜೊತೆಗಿದ್ದ ಅನುಭವವಿದೆ. ಇದನ್ನು ಒಗಟು ಎನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಕೊರತೆ ಇಲ್ಲವೆಂದಲ್ಲ. ನಾಲ್ಕು ದ್ವೀಪಗಳನ್ನು ನಾಲ್ಕು ಕಂಪನಿಗಳು ಆಳುತ್ತವೆ ಎಂಬ ಕಲ್ಪನೆ ಚೆನ್ನಾಗಿದೆ. ಆದರೆ ಆ ಕಂಪನಿಗಳ ಮುಖ್ಯಸ್ಥರ ಮಾತುಗಳು ಬೇಗ ಸವೆದುಹೋಗುತ್ತವೆ. ಹತ್ತನೆಯ ಸಲ ಓದುವಾಗ ಬೆರಳು ತಾನಾಗಿ ಅವನ್ನು ದಾಟಿಸಿಬಿಡುತ್ತದೆ. ಕಟ್ಟಡಗಳೊಳಗಿನವರ ಒಂದೆರಡು ಪದಗಳಿಗೆ ಇರುವ ಜೀವ ಅವಕ್ಕಿಲ್ಲ. 2022ರ ಜುಲೈನಲ್ಲಿ ಹೊಸ ಯಂತ್ರಗಳು, ಹೊಸ ಕೀಟಗಳನ್ನು ಸೇರಿಸಿದ ವಿಸ್ತೃತ ಆವೃತ್ತಿಯನ್ನು ಹಳೆಯ ಆಟಗಾರರಿಗೆ ಉಚಿತವಾಗಿಯೇ ಕೊಟ್ಟರು. ಅಂದೇ ನೆಟ್‌ಫ್ಲಿಕ್ಸ್ ಚಂದಾದಾರರಿಗೆ ಮೊಬೈಲ್‌ನಲ್ಲೂ ಸಿಕ್ಕಿತು. ಬಸ್ಸಿನಲ್ಲಿ ಕೂತು ಆಡಲು ಅನುಕೂಲ. ನನಗೆ ಮಾತ್ರ ರಾತ್ರಿ ಊಟದ ಮೇಲೆ ಮನೆಯ ಸದ್ದೆಲ್ಲ ಅಡಗಿದಾಗ ಕಂಪ್ಯೂಟರ್‌ನಲ್ಲಿ ಆಡಿದರೇ ಸಮಾಧಾನ. ಪ್ರಂಟಿಯ ಸಂಗೀತ ಆಗ ಸರಿಯಾಗಿ ಕೇಳುತ್ತದೆ.

ಗ್ರಿಡ್ ಸೊನ್ನೆಯಾದಾಗ ಆಟ ಸುಮ್ಮನೆ ನಿಂತುಬಿಡುವುದಿಲ್ಲ. ಕೀಟಗಳು ನಾಲ್ಕೂ ಕಡೆಯಿಂದ ಎದ್ದು ಬರುತ್ತವೆ. ಬದುಕಿರುವ ಪೈಲಟ್‌ಗಳಲ್ಲಿ ಒಬ್ಬರನ್ನು ಮಾತ್ರ ಇನ್ನೊಂದು ಕಾಲಕ್ಕೆ ಕಳಿಸಬಹುದು, ಆರಿಸು ಎನ್ನುತ್ತದೆ. ಆರಿಸಿದವರು ಕಾಲದ ಕಂಡಿ ದಾಟಿ ಹೋಗುತ್ತಾರೆ. ಇನ್ನಿಬ್ಬರು ಅಲ್ಲೇ ಉಳಿಯುತ್ತಾರೆ, ಕಟ್ಟಡಗಳಲ್ಲಿದ್ದವರೂ ಉಳಿಯುತ್ತಾರೆ. ಗೆದ್ದರೂ ಇದೇ ಕ್ರಮ. ಕೀಟಗಳ ಗೂಡನ್ನು ಸಿಡಿಸಿ, ಉಳಿದವರ ಸಂಖ್ಯೆ ಪರದೆಯ ಮೇಲೆ ಮೂಡಿದ ಮೇಲೆಯೂ ಪೈಲಟ್ ಅಲ್ಲಿ ನಿಲ್ಲುವುದಿಲ್ಲ. ಕಾಯಬೇಕಾದ ಇನ್ನೊಂದು ಕಾಲ ಇದ್ದೇ ಇರುತ್ತದೆ.

ಕಳೆದ ವಾರ ಹಾಗೇ ಒಂದು ಲೋಕ ಕೈತಪ್ಪಿತು. ಎರಡು ಸರದಿ ಹಿಂದೆ ಮಾಡಿದ ತಪ್ಪು ಯಾವುದೆಂದು ನನಗೆ ಸರಿಯಾಗಿ ಗೊತ್ತು: ಕಂಡಿಗೆ ಅಡ್ಡ ನಿಲ್ಲಬೇಕಿದ್ದ ಯಂತ್ರವನ್ನು ಒಂದು ಕೀಟ ಕೊಲ್ಲುವ ಆಸೆಗೆ ಮುಂದಕ್ಕೆ ಕಳಿಸಿದ್ದೆ. ಎಲ್ಲರಿಗಿಂತ ಹಳಬನಾದ ಪೈಲಟ್‌ನನ್ನು ಆರಿಸಿ ಕಳಿಸಿದೆ. ಪರದೆ ಬೆಳಗಿ ಹೊಸ ಹಲಗೆ ಬಿಚ್ಚಿಕೊಂಡಿತು. ಬೇರೆ ಬಯಲು, ಬೇರೆ ನೀರು, ಬೇರೆ ಬೆಟ್ಟ, ಅದೇ ಮುಖ. ಮೂರು ಯಂತ್ರಗಳು ಇಳಿದವು. ಮೂಲೆಯ ಕಟ್ಟಡದ ಮೇಲೆ ಮಾತಿನ ಗುಳ್ಳೆ ಮೂಡಿತು.